ಹಕ್ಕಿ ಹಾರದಂತೆ ಕಾರು ಓಡಿಸುವುದು

ಡ್ರೈವಿಂಗ್ ಮೇಷ್ಟ್ರ ಚಪ್ಪಲಿಗಳಲ್ಲಿ ಬಲಗಾಲಿನದೇ ಯಾವಾಗಲೂ ಮೊದಲು ಸವೆಯುತ್ತಿತ್ತು. ಹಿಮ್ಮಡಿಯ ಕಡೆ ಹೊಸದರಂತೆ ಗಟ್ಟಿಯಾಗಿರುತ್ತಿದ್ದ ಅದು ಹೆಬ್ಬೆರಳಿನ ಬುಡದಲ್ಲಿ ಮಾತ್ರ ತೆಳ್ಳಗಾಗಿ, ಕೊನೆಗೆ ನಾಲ್ಕಾಣೆಯಷ್ಟು ದೊಡ್ಡ ತೂತು ಬೀಳುತ್ತಿತ್ತು. ಜಯನಗರ ಕಾಂಪ್ಲೆಕ್ಸ್ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದ ಮುದುಕರೊಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ನೀವು ಒಂದೇ ಕಾಲಲ್ಲಿ ನಡೀತೀರಾ ಹೆಂಗೆ?" ಎಂದು ಕೇಳಿದ್ದರಂತೆ. "ನಡಿಯೋದು ಎರಡರಲ್ಲೂ ಕಣಪ್ಪ, ಕಾಯೋದು ಮಾತ್ರ ಒಂದರಲ್ಲಿ" ಎಂದರಂತೆ ಮೇಷ್ಟ್ರು.

ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಎಡಗಡೆಯ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಕಲಿಯುವವರು ಕೈಬಿಟ್ಟಾಗ ಕಲಿಸುವವರು ಒತ್ತಬೇಕಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮೇಷ್ಟ್ರು ತಮ್ಮ ಬಲಗಾಲನ್ನು ಆ ಬ್ರೇಕಿನ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಇಟ್ಟುಕೊಂಡು ದಕ್ಷಿಣ ಬೆಂಗಳೂರಿನ ಅರ್ಧ ಜನಕ್ಕೆ ಕಾರು ಕಲಿಸಿದರು. ಆ ಅರ್ಧ ಜನರಲ್ಲಿ ಅತ್ಯಂತ ದಡ್ಡಿ ಯಾರು ಎಂದು ಕೇಳಿದರೆ ಅವರು ಸಂಕೋಚದಿಂದ ನನ್ನ ಕಡೆ ನೋಡುತ್ತಿದ್ದರು. ನಾನೇನೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ, ಅದು ನಿಜವೇ ಆಗಿತ್ತು.

ನಾನು ಅವರ ಕೈಗೆ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಬೇರೆ ಎರಡು ಡ್ರೈವಿಂಗ್ ಸ್ಕೂಲುಗಳಿಂದ ಅತ್ತುಕೊಂಡು ಹೊರಬಂದ ಮೇಲೆ. ಆಗ ನನ್ನ ಯಜಮಾನರಿಗೆ ಶಿವಮೊಗ್ಗಕ್ಕೆ ವರ್ಗವಾಗಿತ್ತು. ನಮ್ಮ ಪುಟ್ಟ ಬಿಳಿ ಕಾರು ಜಯನಗರದ ಬಾಡಿಗೆ ಮನೆಯ ಕಾಂಪೌಂಡಿನಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಎದುರು ಮನೆಯವರು ದಿನಾ ಬೆಳಿಗ್ಗೆ ಹಾಲಿಗೆ ಹೋಗುವಾಗ ಅದರ ಮೇಲೊಂದು ಕಣ್ಣು ಹಾಯಿಸಿ, "ಮಾರೋದಿದ್ರೆ ಮೊದಲು ನಮಗೆ ಹೇಳಿ ಮೇಡಂ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ನಾನು. ಲೆಕ್ಕ ತಪ್ಪಿದ ಮಕ್ಕಳು ನನ್ನ ಹೆಜ್ಜೆಯ ಸದ್ದಿಗೇ ನಡುಗುತ್ತಿದ್ದರು. ಅಂಥವಳು ಸ್ಟಿಯರಿಂಗ್ ಮುಂದೆ ಕೂತರೆ ನನ್ನ ಕಾಲೇ ನಡುಗುತ್ತಿತ್ತು.

ಮೊದಲ ದಿನ ಮೇಷ್ಟ್ರು ನನ್ನನ್ನು ಮೇನ್ ರೋಡಿಗೆ ಬಿಡಲಿಲ್ಲ. ಬೆಳಿಗ್ಗೆ ಆರಕ್ಕೆ ತಾವೇ ಕಾರು ಓಡಿಸಿಕೊಂಡು ಬನಶಂಕರಿ ದಾಟಿ ಹೊಸಕೆರೆಹಳ್ಳಿಯ ಕೆರೆ ಏರಿಗೆ ಕರೆದುಕೊಂಡು ಹೋದರು. ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಆಚೆ ದಡ ಕಾಣುತ್ತಿರಲಿಲ್ಲ, ಯಾರೋ ಬಟ್ಟೆ ಒಗೆಯುವ ಸದ್ದು ಮಾತ್ರ ಬರುತ್ತಿತ್ತು. ಸೀಟು ಬದಲಾಯಿಸಿಕೊಂಡೆವು. ಏರಿಯ ಅಂಚಿನಲ್ಲಿ, ಸುಮಾರು ನೂರು ಅಡಿ ದೂರದಲ್ಲಿ ಒಂದು ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಂತಿತ್ತು.

"ಮೇಡಂ, ಅದರ ಪಕ್ಕದಲ್ಲೇ ಹೋಗ್ಬೇಕು. ಅದು ಹಾರಬಾರದು. ಅಷ್ಟೇ ಇವತ್ತಿನ ಪಾಠ."

"ಕಾರು ಹತ್ತಿರ ಹೋದ್ರೆ ಹಾರದೆ ಇರುತ್ತಾ ಮೇಷ್ಟ್ರೇ?"

"ಹಕ್ಕಿ ಲೆಕ್ಕದಲ್ಲಿ ಕಾರು ಅಂದ್ರೆ ಒಂದು ಎಮ್ಮೆ. ಎಮ್ಮೆ ನಿಧಾನಕ್ಕೆ ಮೇಯ್ತಾ ಬಂದ್ರೆ ಯಾರು ಹೆದರ್ತಾರೆ ಹೇಳಿ? ಎಮ್ಮೆ ಜರ್ಕ್ ಹೊಡೆದ್ರೆ ಹೆದರ್ತಾರೆ. ಹಕ್ಕಿ ಹಾರ್ತು ಅಂದ್ರೆ ನಿಮ್ಮ ಕ್ಲಚ್ ತಪ್ಪು ಅಂತ. ಅರ್ಧ ಮಾತ್ರ ಬಿಡಿ, ನಿಧಾನಕ್ಕೆ."

ನನ್ನ ಎಮ್ಮೆ ಮೂರು ಸಲ ಕುಪ್ಪಳಿಸಿ ನಿಂತಿತು. ಆ ಬೆಳ್ಳಕ್ಕಿ ಹಾರಿತು, ಅದರ ಹಿಂದೆ ಜೊಂಡಿನಲ್ಲಿದ್ದವೂ ಎದ್ದವು, ಕೆರೆಗೆ ಕೆರೆಯೇ ಖಾಲಿಯಾಯಿತು. ಮೇಷ್ಟ್ರು ಬೈಯಲಿಲ್ಲ. ಜೇಬಿನಿಂದ ನನ್ನ ಹಳದಿ ಕಾರ್ಡು ತೆಗೆದರು. ಪ್ರತಿ ಕ್ಲಾಸಿಗೊಂದರಂತೆ ಇಪ್ಪತ್ತು ಗೆರೆಗಳಿದ್ದ ಕಾರ್ಡು ಅದು. ಸ್ಕೂಲಿನವರು ಅಚ್ಚು ಹಾಕಿಸಿದ್ದು 'ಪಾಠ', 'ಸಹಿ' ಎಂಬ ಎರಡೇ ಕಾಲಂ. ಮೇಷ್ಟ್ರು ಪೆನ್ನಿನಲ್ಲಿ ಇನ್ನೆರಡು ಎಳೆದುಕೊಂಡಿದ್ದರು: ತಾವು ಎಷ್ಟು ಸಲ ಬ್ರೇಕ್ ಒತ್ತಬೇಕಾಯಿತು ಎಂಬುದಕ್ಕೆ ಒಂದು, ಕಂಡ ಹಕ್ಕಿಗಳಿಗೆ ಒಂದು. ನನ್ನ ಮೊದಲ ಗೆರೆಯಲ್ಲಿ ಬರೆದರು: "ಹಾಫ್ ಕ್ಲಚ್. ಬ್ರೇಕ್ 31. ಹಕ್ಕಿ: ಎಲ್ಲ ಹಾರಿದವು."

ಆಮೇಲಿನ ಬೆಳಗುಗಳು ನನಗೆ ಇಂದಿಗೂ ಕನಸಿನಲ್ಲಿ ಕಂಡಂತೆಯೇ ನೆನಪಿವೆ. ಒಂದು ದಿನ ಹೊಸಕೆರೆಹಳ್ಳಿ, ಒಂದು ದಿನ ಸುಬ್ರಹ್ಮಣ್ಯಪುರ, ಇನ್ನೊಂದು ದಿನ ಬನ್ನೇರುಘಟ್ಟ ರಸ್ತೆಯಲ್ಲಿ ಹೋಗಿ ಹುಳಿಮಾವು ಕೆರೆ. ಕಾರು ನಡೆದಾಡುವವರಿಗಿಂತ ನಿಧಾನವಾಗಿ ಉರುಳುತ್ತಿತ್ತು. ಕಿಟಕಿಯ ಗಾಜು ಇಳಿದಿರುತ್ತಿತ್ತು. ಒದ್ದೆ ಮಣ್ಣಿನ, ಜೊಂಡಿನ ವಾಸನೆ ಒಳಗೆ ಬರುತ್ತಿತ್ತು. ಎಂಜಿನ್ನಿನ ಸದ್ದು ಒಂದೇ ಸಮನಾಗಿ ಗುಂಯ್‌ಗುಡುತ್ತಿದ್ದರೆ ನಾವಿಬ್ಬರೂ ಮಾತು ಮರೆತು ನೀರಿನ ಪಕ್ಕದಲ್ಲೇ ತೇಲುತ್ತಿದ್ದೇವೆ ಎನ್ನಿಸುತ್ತಿತ್ತು. ಕಿಟಕಿಯಿಂದ ಕೈ ತೋರಿಸಲು ಮೇಷ್ಟ್ರು ಬಿಡುತ್ತಿರಲಿಲ್ಲ. "ಕೈ ಆಚೆ ಬಂದ್ರೆ ಎಮ್ಮೆ ಒಳಗೆ ಮನುಷ್ಯ ಇದಾನೆ ಅಂತ ಗೊತ್ತಾಗ್ಬಿಡುತ್ತೆ. ಬಾಯಲ್ಲಿ ಹೇಳಿ."

ಬಾಯಲ್ಲಿ ಹೇಳುವುದು ಅವರ ಪಾಠದ ಇನ್ನೊಂದು ಅರ್ಧ. "ಎಡಗಡೆ ಏನಿದೆ ಮೇಡಂ? ಬಲಗಡೆ? ಕನ್ನಡೀಲಿ?" ಎಂದು ಕೇಳುತ್ತಲೇ ಇರುತ್ತಿದ್ದರು. ಎಡಗಡೆ ಎರಡು ನಾಮಕೋಳಿ, ಬಲಗಡೆ ಸೈಕಲ್ ಮೇಲೆ ಹಾಲಿನವನು, ಕನ್ನಡಿಯಲ್ಲಿ ನಾಯಿ ಎಂದು ಒಪ್ಪಿಸಬೇಕಿತ್ತು. "ಕಂಡಿದ್ದನ್ನ ಕಂಡ ಹಾಗೆ ಹೇಳಿ. ಕಾಣದೆ ಇದ್ದಿದ್ದನ್ನ ಕಂಡೆ ಅನ್ನಬೇಡಿ. ರೋಡಲ್ಲಿ ಆ ಒಂದು ಸುಳ್ಳು ಸಾಕು ಜೀವ ಹೋಗೋಕೆ." ಒಂದು ದಿನ ನಾನು ಕನ್ನಡಿ ನೋಡದೆಯೇ "ಖಾಲಿ ಇದೆ" ಎಂದುಬಿಟ್ಟೆ. ಹಿಂದೆ ಒಂದು ಟೆಂಪೊ ಬರುತ್ತಿತ್ತು. ಅವತ್ತು ಮಾತ್ರ ಅವರು ಮುಖ ಗಂಟಿಕ್ಕಿಕೊಂಡು ಜಯನಗರ ತಲುಪುವವರೆಗೂ ಒಂದು ಮಾತೂ ಆಡಲಿಲ್ಲ.

ಸುಬ್ರಹ್ಮಣ್ಯಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಹುಟ್ಟಿದವರು ಅವರು. ಹಕ್ಕಿಗಳನ್ನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ಎಮ್ಮೆ ಮೇಯಿಸುತ್ತ ಕಲಿತದ್ದು. ಗುಳುಮುಳುಕ ಮುಳುಗಿದರೆ ಎಲ್ಲಿ ಏಳುತ್ತದೆ ಎಂದು ಮೊದಲೇ ಹೇಳಿ, ಅದು ಅಲ್ಲೇ ಎದ್ದಾಗ ಮಗುವಿನ ಹಾಗೆ ನನ್ನ ಮುಖ ನೋಡುತ್ತಿದ್ದರು.

ಅಂಥವರು ಕೊಕ್ಕರೆ ಬೆಳ್ಳೂರನ್ನು ಒಮ್ಮೆಯೂ ನೋಡಿರಲಿಲ್ಲ ಎಂದರೆ ನನಗೆ ನಂಬಲಾಗಲಿಲ್ಲ. ಭಾನುವಾರ ಸ್ಕೂಲಿಗೆ ಕಲಿಯುವವರು ಜಾಸ್ತಿ, ಅವರಿಗೆ ರಜೆಯಿಲ್ಲ. ವಾರದ ಮಧ್ಯೆ ಸಿಕ್ಕ ರಜೆಯೆಲ್ಲ ನೆಂಟರ ಮದುವೆ ಮುಂಜಿಗೆ ಹೋಗುತ್ತಿತ್ತು. ಆದರೆ ದಾರಿ ಮಾತ್ರ ಬಾಯಿಪಾಠ. ಡ್ಯಾಶ್‌ಬೋರ್ಡಿನ ಧೂಳಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದರು: "ಇದು ಮೈಸೂರು ರೋಡು. ಚನ್ನಪಟ್ಟಣ ದಾಟಿದ ಮೇಲೆ ಎಡಕ್ಕೆ. ಅಲ್ಲಿಂದ ಊರಿನ ತನಕ ಸಣ್ಣ ರಸ್ತೆ. ಎರಡೂ ಕಡೆ ಗದ್ದೆ, ಕೆರೆ. ಸೆಕೆಂಡ್ ಗೇರ್‌ ದಾಟಲೇಬಾರದು. ಊರೊಳಗೆ ಹೋದ್ರೆ ಮನೆಗಳ ಮೇಲೇ ಹುಣಸೆ ಮರ, ಮರದ ತುಂಬ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ. ಬಸುರಿ ಹೆಣ್ಣುಮಗಳು ತವರಿಗೆ ಬಂದ ಹಾಗೆ ಬರ್ತಾವಂತೆ. ಊರಿನವರು ಒಂದು ಕಲ್ಲೂ ಎಸೆಯಲ್ವಂತೆ." ಹೋಗಿ ಬಂದವರು ಕೂಡ ಅಷ್ಟು ಚೆನ್ನಾಗಿ ಹೇಳಲಾರರು. "ಯಾವತ್ತಾದ್ರೂ ಒಂದು ಭಾನುವಾರ" ಎಂದು ಆ ಗೆರೆಯನ್ನು ಅಂಗೈಯಿಂದ ಒರೆಸಿಬಿಡುತ್ತಿದ್ದರು.

ಹದಿನೈದನೆಯ ಕ್ಲಾಸಿನ ಹೊತ್ತಿಗೆ ನನ್ನ ಕಾರ್ಡಿನಲ್ಲಿ ಬ್ರೇಕ್ ಆರಕ್ಕೆ ಇಳಿದಿತ್ತು. ಹಕ್ಕಿಗಳ ಸಂಖ್ಯೆಯೂ ಇಳಿಯುತ್ತಿದೆ ಎಂದು ಮೇಷ್ಟ್ರಿಗೆ ಚಿಂತೆ. "ಈಚೆಗೆ ಹಕ್ಕಿಗಳೇ ಕಮ್ಮಿ ಆಗ್ಬಿಟ್ವು ಮೇಡಂ. ಎರಡು ವರ್ಷದಿಂದ ನೋಡ್ತಾ ಇದೀನಿ, ಅರ್ಧಕ್ಕರ್ಧ ಇಲ್ಲ" ಎನ್ನುತ್ತಿದ್ದರು. ನಾನೂ ಹೂಂಗುಟ್ಟುತ್ತಿದ್ದೆ. ಯಾರು ಇಲ್ಲವೆನ್ನುತ್ತಾರೆ? ಕೆರೆಗಳ ಅಂಚಿಗೆ ಲಾರಿಗಟ್ಟಲೆ ಮಣ್ಣು ಬೀಳುತ್ತಿತ್ತು, ಜೊಂಡಿನ ಜಾಗದಲ್ಲಿ ಸೈಟಿನ ಕಲ್ಲುಗಳು ಏಳುತ್ತಿದ್ದವು. ಹಕ್ಕಿ ಕಡಿಮೆಯಾಗದೆ ಇನ್ನೇನು?

ಹತ್ತೊಂಬತ್ತನೆಯ ಕ್ಲಾಸು ಹುಳಿಮಾವು ಕೆರೆಯ ಪಕ್ಕ. ಕೆರೆ ಸೇರುವ ಮೊದಲೇ ಎಡಗಡೆಯ ಸಂದಿಯಿಂದ ಒಂದು ಸೈಕಲ್ ನುಗ್ಗಿತು. ನಾನು ಬ್ರೇಕ್ ಒತ್ತಿದೆ. ಕಾರು ನಿಂತ ಮೇಲೆ ಮೇಷ್ಟ್ರ ಕಾಲು ಒತ್ತಿತು. ಅವರ ಕಾಲಿಗಿಂತ ಮೊದಲು ನನ್ನ ಕಾಲು! ಜಂಬದಿಂದ ನನ್ನ ಕಿವಿ ಬಿಸಿಯಾಯಿತು. ಮೇಷ್ಟ್ರನ್ನೇ ಮೀರಿಸಿದೆ ಎಂದುಕೊಂಡೆ. ಅವರ ಕಾಲು ಯಾಕೆ ತಡವಾಯಿತು ಎಂದು ಯೋಚಿಸಲಿಲ್ಲ.

ಕೆರೆಯ ಹತ್ತಿರ ಬಂದಾಗ ಅವರೇ ಹೇಳಿದರು, "ನೋಡಿ, ಎಡಗಡೆ ಪೂರ್ತಿ ಖಾಲಿ. ಒಂದು ಕಾಲದಲ್ಲಿ ಆ ಗೂಟಗಳ ಮೇಲೆ ಸಾಲಾಗಿ ಕೂರ್ತಿದ್ವು."

ಎಡಗಡೆ, ಅವರ ಕಿಟಕಿಯ ಪಕ್ಕದಲ್ಲೇ, ಗೂಟಗಳ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಕೂತಿದ್ದವು. ಇದು ಪರೀಕ್ಷೆಯೇ ಎಂದು ನಾನು ತಿಳಿದೆ. ಸುಳ್ಳು ಹೇಳಿ ನನ್ನ ಬಾಯಿಂದ ನಿಜ ಹೊರಡಿಸುತ್ತಿದ್ದಾರೆ ಅಂತ. ಲೆಕ್ಕದ ಟೀಚರು ಸುಮ್ಮನಿರುತ್ತಾಳೆಯೇ? ಮನಸ್ಸಿನಲ್ಲೇ ಎಣಿಸಿ ಗಟ್ಟಿಯಾಗಿ, "ತಪ್ಪು ಮೇಷ್ಟ್ರೇ! ಹನ್ನೊಂದು ಬೆಳ್ಳಕ್ಕಿ ಇದಾವೆ" ಎಂದೆ.

ಅವರು ನಕ್ಕರು. ಆಮೇಲೆ ಇಡೀ ಕತ್ತನ್ನು ಎಡಕ್ಕೆ ತಿರುಗಿಸಿದರು. ನಗು ಹಾಗೆಯೇ ನಿಂತುಬಿಟ್ಟಿತು. ಮತ್ತೆ ನೇರ ನೋಡಿದರು, ಮತ್ತೆ ತಿರುಗಿದರು. "ಗಾಡಿ ಆಫ್ ಮಾಡಿ" ಎಂದು ಕೆಳಗಿಳಿದರು. ಬಾನೆಟ್ಟಿನ ಮುಂದೆ ನಿಂತು ಕೆರೆಯ ಕಡೆ ಮುಖ ಮಾಡಿ, ಎಡಗೈಯನ್ನು ಪಕ್ಕಕ್ಕೆ ಚಾಚಿ ಬೆರಳಾಡಿಸುತ್ತ ನಿಧಾನವಾಗಿ ಮುಂದಕ್ಕೆ ತಂದರು. ಕೈ ಬಹುತೇಕ ಮೂಗಿನ ನೇರಕ್ಕೆ ಬರುವವರೆಗೂ ತಂದರು. ಎರಡು ಮೂರು ಸಲ ಹಾಗೆಯೇ ಮಾಡಿದರು. ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿಹೋದವು, ಅವರಿಗೆ ಗಮನವೇ ಇರಲಿಲ್ಲ.

ವಾಪಸ್ ಬಂದು ಕೂತು ಬಾಗಿಲು ಹಾಕಿಕೊಂಡರು. "ಹಕ್ಕಿ ಕಮ್ಮಿ ಆಗಿಲ್ಲ ಮೇಡಂ" ಎಂದರು. ಬ್ರೇಕಿನಿಂದ ಕಾಲು ಹಿಂದೆಗೆದುಕೊಂಡು, "ಮನೆ ತನಕ ನೀವೇ ಓಡಿಸಿ. ನನ್ನ ಬ್ರೇಕ್ ನಂಬಬೇಡಿ, ಎಡಗಡೆ ನೀವೇ ನೋಡ್ಕೊಳ್ಳಿ" ಎಂದರು. ಬನ್ನೇರುಘಟ್ಟ ರಸ್ತೆಯ ಬಸ್ಸು ಲಾರಿಗಳ ನಡುವೆ ಜಯನಗರದವರೆಗೂ ನಾನೇ ಓಡಿಸಿಕೊಂಡು ಬಂದೆ. ನಡುಗಲು ಪುರುಸೊತ್ತು ಇರಲಿಲ್ಲ. ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೇರ ನೋಡುತ್ತ ಕೂತಿದ್ದರು.

ಅದೇ ದಿನ ಅವರು ಕೆಲಸ ಬಿಟ್ಟರು. ಕಣ್ಣಿನ ಡಾಕ್ಟರು ಗ್ಲಾಕೋಮ ಎಂದರಂತೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಪಕ್ಕದ ನೋಟ ಗೊತ್ತೇ ಆಗದಂತೆ ಕರಗಿಹೋಗಿತ್ತು. ನೇರ ಇರುವುದು ಸ್ಪಷ್ಟವಾಗಿಯೇ ಕಾಣುತ್ತಿದ್ದುದರಿಂದ ಅನುಮಾನ ಬಂದಿರಲಿಲ್ಲ. "ಎಡಗಡೆ ಕಾಣದವನು ಇನ್ನೊಬ್ಬರಿಗೆ ಎಡಗಡೆ ನೋಡಿ ಅಂತ ಹೇಳ್ಬಾರ್ದು" ಎಂದು ಸ್ಕೂಲಿನವರ ಮುಂದೆ ಕಾರಿನ ಕೀ ಇಟ್ಟರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಅವರ ಜಾಗಕ್ಕೆ ಬಂದ ಹೊಸ ಮೇಷ್ಟ್ರು. ನಾನು ಪರೀಕ್ಷೆಯಲ್ಲಿ ಪಾಸಾದೆ, ಲೈಸೆನ್ಸ್ ಬಂತು, ಕಾರಿನ ಹೊದಿಕೆ ತೆಗೆದೆ, ಎದುರು ಮನೆಯವರ ಮುಂದೆ ಹಾರ್ನ್ ಬಾರಿಸಿದ್ದೂ ಆಯಿತು. ಆದರೆ ಸಂತೋಷವಾಗಲಿಲ್ಲ. ಒಬ್ಬ ಮನುಷ್ಯನ ಅನ್ನವನ್ನು ಹನ್ನೊಂದು ಎಂಬ ಒಂದು ಮಾತಿನಿಂದ ಕಸಿದುಕೊಂಡೆ ಎಂದು ಅನ್ನಿಸುತ್ತಿತ್ತು. ಅಷ್ಟು ಜಂಬದಿಂದ ಹೇಳಬೇಕಾಗಿತ್ತೇ? ಸುಮ್ಮನೆ ಹೂಂಗುಟ್ಟಿದ್ದರೆ ಏನಾಗುತ್ತಿತ್ತು? ಅವರ ಮನೆಗೆ ಹೋಗಿ ಮುಖ ತೋರಿಸುವ ಧೈರ್ಯ ನನಗೆ ಐದು ತಿಂಗಳು ಬರಲಿಲ್ಲ. ಇಪ್ಪತ್ತನೆಯ ಗೆರೆ ಖಾಲಿಯಿದ್ದ ಹಳದಿ ಕಾರ್ಡನ್ನು ಸ್ಕೂಲಿನವರು ಕೊಟ್ಟಿದ್ದರು, ಅದು ನನ್ನ ವ್ಯಾನಿಟಿ ಬ್ಯಾಗಿನಲ್ಲಿಯೇ ಇತ್ತು.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಕಾರನ್ನು ನೇರ ಸುಬ್ರಹ್ಮಣ್ಯಪುರದ ಅವರ ಮನೆಯ ಮುಂದೆ ನಿಲ್ಲಿಸಿದೆ. ಜಗುಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದರು.

"ಇನ್ನೊಂದು ಕ್ಲಾಸ್ ಬಾಕಿ ಇದೆ ಮೇಷ್ಟ್ರೇ" ಎಂದೆ.

ಅವರು ಕಾರನ್ನೂ ನನ್ನನ್ನೂ ನೋಡಿದರು. "ಇವತ್ತು ಭಾನುವಾರ ಅಲ್ವಾ?" ಎಂದರು. ಎಲ್ಲಿಗೆ ಎಂದು ಕೇಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡರು. ಅವರ ಮನೆಯಾಕೆ ಚಿತ್ರಾನ್ನದ ಡಬ್ಬಿಯ ಜೊತೆಗೆ ಒಂದು ಪುಟ್ಟ ಔಷಧದ ಬಾಟಲಿಯನ್ನೂ ನನ್ನ ಕೈಗಿಟ್ಟು, "ಹನ್ನೊಂದು ಗಂಟೆಗೆ ಕಣ್ಣಿಗೆ ಡ್ರಾಪ್ಸ್ ಹಾಕ್ಬೇಕು ಕಣಮ್ಮ. ಹಕ್ಕಿ ಕಂಡ್ರೆ ಇವರಿಗೆ ಲೋಕದ ಜ್ಞಾನ ಇರಲ್ಲ, ನೀನೇ ನೆನಪಿಟ್ಕೊ" ಎಂದರು.

ಚನ್ನಪಟ್ಟಣ ದಾಟಿ ಎಡಕ್ಕೆ ತಿರುಗಿದೆವು. ಆ ಸಣ್ಣ ರಸ್ತೆಯಲ್ಲಿ ನಾನು ಸೆಕೆಂಡ್ ಗೇರ್‌ ದಾಟಲಿಲ್ಲ. ಎರಡೂ ಕಡೆ ಹಸಿರು ಗದ್ದೆ, ಹಿಪ್ಪುನೇರಳೆ ತೋಟ, ನೀರು ನಿಂತಲ್ಲೆಲ್ಲ ಆಕಾಶ. ಮೇಷ್ಟ್ರು ಕತ್ತನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಪೂರ್ತಿ ತಿರುಗಿಸಿ ನೋಡುತ್ತಿದ್ದರು. "ಹಕ್ಕಿಗಳೂ ಹಿಂಗೇ ಮೇಡಂ, ಕತ್ತು ತಿರುಗಿಸದೆ ಏನೂ ನೋಡಲ್ಲ. ನಾನೂ ಒಂದು ಕೊಕ್ಕರೆ ಆಗ್ಬಿಟ್ಟೆ" ಎಂದು ನಕ್ಕರು. ಅವರು ಕೇಳುವ ಮೊದಲೇ ನಾನು ಹೇಳುತ್ತ ಹೋದೆ: ಎಡಗಡೆ ಬದುವಿನ ಮೇಲೆ ಟಿಟ್ಟಿಭ, ಬಲಗಡೆ ತಂತಿಯ ಮೇಲೆ ಮಿಂಚುಳ್ಳಿ, ಕನ್ನಡಿಯಲ್ಲಿ ಎತ್ತಿನ ಗಾಡಿ. ಆ ರಸ್ತೆ ಮುಗಿಯದೆ ಹೀಗೆಯೇ ಹೋಗುತ್ತಿರಲಿ ಎಂದು ಆಸೆಯಾಗುತ್ತಿತ್ತು.

ಊರೊಳಗೆ ಹುಣಸೆ ಮರವೊಂದರ ಕೆಳಗೆ ಕಾರು ನಿಲ್ಲಿಸಿದೆ. ಅವರು ಧೂಳಿನ ಮೇಲೆ ಬರೆದು ತೋರಿಸಿದ್ದ ಊರು ಅದೇ. ತಲೆಯ ಮೇಲೆ ಕೊಂಬೆ ಕೊಂಬೆಗೂ ಗೂಡು, ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಬಣ್ಣ. ಮರಿಗಳು ಗಲಾಟೆ ಮಾಡುತ್ತಿದ್ದವು. ಕೆಳಗೆ ಒಬ್ಬ ಹೆಂಗಸು ಅದಾವುದೂ ತನಗೆ ಸಂಬಂಧವಿಲ್ಲವೆಂಬಂತೆ ರಾಗಿ ಕೇರುತ್ತಿದ್ದಳು. ಮೇಷ್ಟ್ರು ಕಾರಿನಿಂದ ಇಳಿಯಲಿಲ್ಲ. ಗಾಜಿನ ಹತ್ತಿರ ಮುಖ ತಂದು ಮೇಲೆ ನೋಡುತ್ತ ಕೂತುಬಿಟ್ಟರು. ಮುಂದಿನ ಗಾಜಿನ ಮೇಲೆ ಪಚಕ್ಕೆಂದು ಬಿಳಿ ಹಿಕ್ಕೆ ಬಿತ್ತು. ನಾನು ವೈಪರ್‌ಗೆ ಕೈ ಹಾಕಿದರೆ, "ಬೇಡ, ಎಮ್ಮೆ ಮೇಲೆ ಹಾಕೋದು ಹಕ್ಕಿ ಹಕ್ಕು" ಎಂದರು.

ಹನ್ನೊಂದಾಯಿತು. ಅವರು ಸೀಟಿಗೆ ತಲೆ ಒರಗಿಸಿ ಕಣ್ಣು ಅಗಲಿಸಿದರು. ನಾನು ಬಾಟಲಿಯನ್ನು ಜೋರಾಗಿ ಒತ್ತಿದೆ. ಮೊದಲ ಹನಿ ಕೆನ್ನೆಗೆ ಬಿತ್ತು. "ಹಾಫ್ ಕ್ಲಚ್ ಮೇಡಂ, ನಿಧಾನ" ಎಂದರು. ಎರಡೂ ಕಣ್ಣಿಗೆ ಹಾಕಿದೆ. ಐದು ನಿಮಿಷ ಕಣ್ಣು ಮುಚ್ಚಿಕೊಂಡಿರಬೇಕಿತ್ತು. ಆ ಮುಚ್ಚಿದ ಕಣ್ಣುಗಳನ್ನು ನೋಡುತ್ತ ಐದು ತಿಂಗಳಿಂದ ಹೊತ್ತುಕೊಂಡಿದ್ದನ್ನು ಹೇಳಿಬಿಟ್ಟೆ. "ನಾನವತ್ತು ಹನ್ನೊಂದು ಅನ್ನಬಾರದಿತ್ತು ಮೇಷ್ಟ್ರೇ. ನಿಮ್ಮ ಕೆಲಸ ನನ್ನಿಂದ ಹೋಯ್ತು."

ಅವರು ಕಣ್ಣು ತೆರೆಯಲಿಲ್ಲ. "ಇಪ್ಪತ್ತು ವರ್ಷ ಎಷ್ಟೋ ಜನಕ್ಕೆ ಕಂಡಿದ್ದನ್ನ ಹೇಳಿ ಅಂತ ಹೇಳ್ಕೊಟ್ಟೆ. ನೀವು ಹೇಳಿದ್ರಿ. ಇನ್ನೊಂದು ವರ್ಷ ತಡ ಆಗಿದ್ರೆ ನಡುವಿನದೂ ಹೋಗ್ತಿತ್ತು ಅಂದ್ರು ಡಾಕ್ಟ್ರು. ಅದಕ್ಕೂ ಮುಂಚೆ ಯಾವ ಮಗೂಗೋ ನಾನೇ ಗುದ್ದಿಸ್ತಿದ್ನೋ ಏನೋ. ನಿಮ್ಮ ಹನ್ನೊಂದರಿಂದಲೇ ಇವತ್ತು ಇದು ಕಾಣ್ತಿರೋದು." ಗಲ್ಲ ಮೇಲಕ್ಕೆತ್ತಿ, "ಈಗ ಮೇಲೆ ಏನ್ ಮಾಡ್ತಿದಾವೆ, ಹೇಳಿ" ಎಂದರು. ನಾನು ಅಳುತ್ತ ಹೇಳಿದೆ. ತಾಯಿ ಹಕ್ಕಿ ಬಂತು, ಎರಡು ಮರಿ ಬಾಯಿ ತೆರೆದವು, ಮೂರನೆಯದು ನಿದ್ದೆ ಮಾಡುತ್ತಿದೆ ಎಂದು.

ಹೊರಡುವಾಗ ಅವರೇ ಕಾರ್ಡು ಕೇಳಿ ಇಸಿದುಕೊಂಡರು. ಇಪ್ಪತ್ತನೆಯ ಗೆರೆಯಲ್ಲಿ, ಕಾರ್ಡನ್ನು ಮೂಗಿನ ನೇರಕ್ಕೆ ಹಿಡಿದು, ನಿಧಾನವಾಗಿ ಬರೆದರು: "ಕೊಕ್ಕರೆ ಬೆಳ್ಳೂರು. ಬ್ರೇಕ್ 0. ಹಕ್ಕಿ: ಎಣಿಸಲಿಲ್ಲ."

ಆ ಮೇಲೆ ಎಂಟು ವರ್ಷ, ತಿಂಗಳಿಗೊಂದೆರಡು ಭಾನುವಾರ, ನಾನು ಅವರನ್ನು ಕೂರಿಸಿಕೊಂಡು ಕೆರೆಗಳ ಸುತ್ತು ಹಾಕಿದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಹಕ್ಕಿಗಳು ನಿಜವಾಗಿಯೇ ಕಡಿಮೆಯಾದವು. ಕೊನೆಕೊನೆಗೆ ಅವರ ನೇರ ನೋಟವೂ ಮಬ್ಬಾಯಿತು. ಒಮ್ಮೆ ಹೊಸಕೆರೆಹಳ್ಳಿಯಲ್ಲಿ ಏನೂ ಕಾಣದೆ ಸಂಕಟವಾಗಿ, "ಮೂರು ನೀರುಕಾಗೆ ಇದಾವೆ" ಎಂದುಬಿಟ್ಟೆ. "ಕನ್ನಡಿ ನೋಡದೆ ಹೇಳ್ತಿದೀರಿ ಮೇಡಂ" ಎಂದರು ಮೆಲ್ಲಗೆ. ಆಮೇಲೆ ಇಲ್ಲದಿದ್ದಾಗ ಇಲ್ಲ ಎಂದೇ ಹೇಳಿದೆ. ಶಾಲೆಯಲ್ಲಿ ಮಕ್ಕಳು ನನಗೆ ನಡುಗುವುದು ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ. ಲೆಕ್ಕ ತಪ್ಪುತ್ತಿರುವ ಮಗುವಿನ ಪಕ್ಕದಲ್ಲಿ ಬೈಯದೆ, ತಿದ್ದದೆ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದನ್ನು ಕಲಿತಿದ್ದೆ.

ಮೇಷ್ಟ್ರು ಒಂದು ಬೆಳಿಗ್ಗೆ ಕಾಫಿ ಕುಡಿದು, ಜಗುಲಿಯ ಮೇಲೆ ಕೂತಲ್ಲೇ ಹೋದರು. ಹದಿಮೂರು ದಿನ ಕಳೆದ ಮೇಲೆ ಆ ಹಳೆಯ ಬಿಳಿ ಕಾರನ್ನು ಮಾರಲು ನಿಶ್ಚಯಿಸಿ, ಕೊಡುವ ಮೊದಲು ಒಳಗೆಲ್ಲ ಗುಡಿಸಿ ಒರೆಸುತ್ತಿದ್ದೆ. ಎಡಗಡೆಯ ಸೀಟಿನ ಮುಂದಿನ ರಬ್ಬರ್ ಮ್ಯಾಟನ್ನು ಎತ್ತಿ ಬಿಸಿಲಿಗೆ ಹಿಡಿದೆ. ಉಳಿದ ಕಡೆಯೆಲ್ಲ ಗಟ್ಟಿಯಾಗಿತ್ತು. ಬಲಗಾಲು ಬರುವ ಜಾಗದಲ್ಲಿ ಮಾತ್ರ ಸವೆದು ತೆಳ್ಳಗಾಗಿ, ನಾಲ್ಕಾಣೆಯಷ್ಟು ದೊಡ್ಡ ತೂತು ಬಿದ್ದಿತ್ತು. ನನ್ನ ಕಾರಿನಲ್ಲಿ ಆ ಕಡೆ ಬ್ರೇಕೇ ಇರಲಿಲ್ಲ.

ಕಾರು ಕೊಟ್ಟೆ. ಮ್ಯಾಟು ನನ್ನ ಹತ್ತಿರವೇ ಇದೆ.